ನಾಗಪುರದಿಂದ ಮುಂದೆ ನೋಡಲು ಏನೂ ಇಲ್ಲ

ಸ್ಯಾಂಟೋಸ್ ಬಂದರಿನ ಹೊರಗೆ, ಬ್ರೆಜಿಲ್
14 ಜುಲೈ 2024

ಪ್ರೀತಿಯ ಫಿಯೋನಾ,

ಈ ಹಳೇ ಹಡಗಿನ ನೆಟ್‌ನಲ್ಲಿ ಕರೆ ಮಾಡಿದರೆ ಹಲೋ ಹೇಳುವಷ್ಟರಲ್ಲಿ ಕಡಿದುಹೋಗುತ್ತದೆ. ಇಮೇಲ್ ಮಾತ್ರ ಹೇಗೋ ದಾಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಕನ್ನಡ ಟೀಚರ್, ತಪ್ಪು ಕಂಡರೆ ಕೆಂಪು ಗೆರೆ ಎಳೆಯಬೇಡ.

ಕಾರು ಇನ್ನಂಜೆಯ ಮನೆ ಮುಟ್ಟಿದ ಫೋಟೊ ಜೋವಿನ್ ಕಳಿಸಿದ. ಲಾರಿಯಿಂದ ಇಳಿಸುವಾಗ ಅರ್ಧ ಊರೇ ಸೇರಿತ್ತಂತೆ. ಎಂಜಿನ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಎಂಥ ಹಳದಿ ಬಣ್ಣ ನೋಡು! ಸ್ಪೋರ್ಟ್ಸ್ ಕಾರು ಎಂದರೆ ಹೀಗಿರಬೇಕು, ಎರಡೇ ಸೀಟು, ಮೇಲಿನ ಹೊದಿಕೆ ಮಡಚಿದರೆ ತಲೆಯ ಮೇಲೆ ಆಕಾಶ ಮಾತ್ರ.

ಪ್ಲಾನ್ ಹೇಳುತ್ತೇನೆ. ಡಿಸೆಂಬರ್ ಕೊನೆಗೆ ನಾನು ಹಡಗಿನಿಂದ ಇಳಿಯುತ್ತೇನೆ. ಜನವರಿಯಲ್ಲಿ ಕಾಪು ದೀಪಸ್ತಂಭದ ಬುಡದಿಂದ ಹೊರಟು ನಾಗಾಲ್ಯಾಂಡಿನ ಕೊಹಿಮಾದವರೆಗೆ ಹೋಗುವುದು. ಹುಬ್ಬಳ್ಳಿ, ಸೊಲ್ಲಾಪುರ, ನಾಗಪುರ, ರಾಯಪುರ, ಕೋಲ್ಕತ್ತ, ಗುವಾಹಟಿ. ಜೋವಿನ್ ಮತ್ತು ನಾನು ಸರದಿಯಲ್ಲಿ ಓಡಿಸುತ್ತೇವೆ. ನಾಗಪುರದಿಂದ ಮುಂದೆ ನೋಡಲು ಏನೂ ಇಲ್ಲ, ಬರೀ ಕಾರ್ಖಾನೆ, ಲಾರಿ, ಧೂಳು. ಅಲ್ಲಿ ನಿಲ್ಲದೆ ಎಳೆದುಬಿಡುವುದು. ಹೋಗಿ ಬರಲು ಒಂದು ತಿಂಗಳು ಹಿಡಿಯುತ್ತದೆ.

ಅಲ್ಲಿಯವರೆಗೆ ಜೋವಿನ್ ವಾರಕ್ಕೊಮ್ಮೆ ಮಣಿಪಾಲದಿಂದ ಬಂದು ಎಂಜಿನ್ ಸ್ಟಾರ್ಟ್ ಮಾಡಿ ಹೋಗುತ್ತಾನೆ. ನೀನು ಮುಟ್ಟುವುದು ಬೇಡ, ಕ್ಲಚ್ ತುಂಬ ಗಟ್ಟಿ ಉಂಟು. ಟಾರ್ಪಾಲಿನ ಮೇಲೆ ಬೆಕ್ಕು ಮಲಗದ ಹಾಗೆ ನೋಡಿಕೋ. ನಾವು ಹೋದಾಗ ಅಮ್ಮನ ವಿಷಯದಲ್ಲಿ ಚಿಂತೆ ಇಲ್ಲ, ಹೇಗೂ ನೀನು ಇದ್ದೀಯಲ್ಲ.

ನಿನ್ನ
ಕಾರ್ಲ್


ಇನ್ನಂಜೆ
18 ಜುಲೈ 2024

ಕಾರ್ಲ್,

ಕೆಂಪು ಗೆರೆ ಎಳೆಯುವುದಿಲ್ಲ. ಎಳೆದರೆ ಇಡೀ ಪತ್ರಕ್ಕೇ ಎಳೆಯಬೇಕಾಗುತ್ತದೆ.

ನಿನ್ನ ಪತ್ರದಲ್ಲಿ ಕಾರಿನ ಬಣ್ಣ ಇದೆ, ಊರುಗಳ ಹೆಸರಿದೆ, ಬೆಕ್ಕೂ ಇದೆ. ನಾನು ಎರಡು ಕಡೆ ಸಿಕ್ಕಿದೆ. ಒಂದು ಕಡೆ ಕಾರನ್ನು ಮುಟ್ಟಬಾರದವಳು, ಇನ್ನೊಂದು ಕಡೆ ನಿನ್ನ ಅಮ್ಮನನ್ನು ನೋಡಿಕೊಳ್ಳುವವಳು.

ಎರಡು ಸೀಟಿನ ಕಾರು ತೆಗೆದುಕೊಂಡಿದ್ದೇನೆ ಎಂದು ನೀನು ಜೂನ್ ತಿಂಗಳಲ್ಲಿ ಹೇಳಿದಾಗ ಎರಡನೆಯ ಸೀಟು ಯಾರದೆಂದು ನಾನು ಕೇಳಲಿಲ್ಲ. ಅದು ಕೇಳಬೇಕಾದ ಪ್ರಶ್ನೆ ಎಂದು ನನಗೆ ಹೊಳೆಯಲೇ ಇಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿಯೂ ಬಿಟ್ಟೆ. ಗಂಡನ ಜೊತೆ ದೇಶ ಸುತ್ತಲು ಹೋಗುತ್ತೇನೆ, ಒಂದು ತಿಂಗಳ ರಜೆ ಸಿಗುತ್ತದೆಯೇ ಎಂದು ಹೆಡ್‌ಮಿಸ್ಟ್ರೆಸ್ ಹತ್ತಿರ ಕೇಳಿದ್ದೆ. ಈಗ ಅವರಿಗೆ ಏನು ಹೇಳಲಿ? ಆ ಸೀಟು ಗಂಡನ ಚಿಕ್ಕಪ್ಪನ ಮಗನಿಗೆ ಹೋಯಿತು ಎನ್ನಲೇ?

ಮದುವೆಯಾಗಿ ಹದಿನಾರು ವರ್ಷವಾಯಿತು. ನಾವು ಒಟ್ಟಿಗೆ ಹೋದ ಅತಿ ದೂರದ ಊರು ವೇಲಾಂಕಣಿ. ಅದೂ ಬಸ್ಸು ತುಂಬ ನೆಂಟರೊಂದಿಗೆ. ನೀನು ಮುಂದೆ ಡ್ರೈವರನ ಹತ್ತಿರ, ನಾನು ಹಿಂದೆ ವಾಂತಿ ಮಾಡುವ ಮಕ್ಕಳ ಹತ್ತಿರ.

ಬೆಕ್ಕು ಟಾರ್ಪಾಲಿನ ಮೇಲೆಯೇ ಮಲಗಿದೆ. ನಾನು ಎಬ್ಬಿಸುವುದಿಲ್ಲ.

ಫಿಯೋನಾ


ಅಟ್ಲಾಂಟಿಕ್
2 ಆಗಸ್ಟ್ 2024

ಪ್ರೀತಿಯ ಫಿಯೋನಾ,

ನಿನ್ನ ಪತ್ರ ಓದಿ ಬೇಸರವಾಯಿತು. ಮಳೆಗಾಲದಲ್ಲಿ ಮನೆ, ಶಾಲೆ, ಅಮ್ಮನ ಮಂಡಿನೋವು ಎಲ್ಲ ಸೇರಿ ನಿನಗೆ ಸುಸ್ತಾಗಿದೆ ಎಂದು ಅರ್ಥವಾಗುತ್ತದೆ. ಜನವರಿಯಲ್ಲಿ ಸಹಾಯಕ್ಕೆ ಒಬ್ಬ ಹೆಂಗಸನ್ನು ಇಟ್ಟುಕೋ. ಪಕ್ಕದ ಮನೆಯ ಅಕ್ಕುವನ್ನೇ ಕೇಳು, ಅವಳು ಒಳ್ಳೆಯವಳು.

ನಿನಗೆ ಕಾರು ಪ್ರಯಾಣ ಎಂದರೆ ಆಗುವುದಿಲ್ಲ ಎಂದು ನಾನು ತಿಳಿದಿದ್ದೆ. ಮೇಲಾಗಿ ಇದು ಗಂಡಸರು ಹೋಗುವಂಥ ದಾರಿ, ಎಲ್ಲೆಂದರಲ್ಲಿ ಮಲಗಬೇಕು. ಕೊಹಿಮಾದಿಂದ ನಿನಗೊಂದು ಶಾಲು ತರುತ್ತೇನೆ. ಅಲ್ಲಿಯ ಶಾಲು ಬಹಳ ಚೆಂದವಂತೆ.

ಕಾರ್ಲ್


ಇನ್ನಂಜೆ
26 ಆಗಸ್ಟ್ 2024

ಕಾರ್ಲ್,

ಶಾಲು ಬೇಡ. ಇನ್ನಂಜೆಯಲ್ಲಿ ಶಾಲು ಹೊದ್ದುಕೊಳ್ಳುವಷ್ಟು ಚಳಿ ನನಗೆ ತಿಳಿದ ಹಾಗೆ ಎಂದೂ ಬಿದ್ದಿಲ್ಲ.

ಕಳೆದ ಆದಿತ್ಯವಾರದ ಸಂಗತಿ ಜೋವಿನ್ ನಿನಗೆ ಹೇಳಿರಲಾರ, ನಾನೇ ಹೇಳುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡಲು ಬಂದವನು ಒಬ್ಬ ಸ್ನೇಹಿತನನ್ನೂ ಕರೆತಂದಿದ್ದ. ಒಂದು ರೌಂಡ್ ಎಂದು ಹೊರಟವನು ಮಣಿಪಾಲಕ್ಕೆ ಹೋಗಿ ಫೋಟೊ ತೆಗೆಸಿಕೊಂಡು, ಅಲ್ಲಿಂದ ಪರ್ಕಳಕ್ಕೆ ಹೋಗಿ ಹಂಪ್ ಮೇಲೆ ಹಾರಿಸಿದ್ದಾನೆ. ಸಂಜೆ ಬಂದಾಗ ಬಂಪರಿನ ತುಂಡನ್ನು ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದ್ದ. ಕಾರ್ಲನಿಗೆ ಹೇಳಬೇಡಿ ಅತ್ತಿಗೆ ಎಂದ. ನಾನು ಕೈ ಚಾಚಿದೆ. ಏನು ಎಂದು ಕೇಳಿದ. ಕೀಲಿ ಕೊಡು ಎಂದೆ. ನಿಮಗೆ ಇದರ ಕ್ಲಚ್ ತುಳಿಯಲಿಕ್ಕೆ ಆಗುವುದಿಲ್ಲ ಎಂದು ನಕ್ಕ. ಹದಿನೈದು ವರ್ಷ ಎಂಟನೇ ಕ್ಲಾಸಿನ ಹುಡುಗರನ್ನು ಸುಮ್ಮನಿರಿಸಿದ ಮುಖವನ್ನು ಅವನಿಗೂ ತೋರಿಸಿದೆ. ಕೊಟ್ಟು ಹೋದ.

ಕಾಪುವಿನ ಗ್ಯಾರೇಜಿನವರು ಬಂಪರ್ ಸರಿ ಮಾಡಿದ್ದಾರೆ. ಕೀಲಿ ನನ್ನ ಹತ್ತಿರ ಇದೆ.

ಕೆಲವು ವಿಷಯ ತಿಳಿಯಬೇಕಿತ್ತು. ಇಷ್ಟು ತಗ್ಗಿನ ಕಾರನ್ನು ಹಂಪ್ ಹತ್ತಿಸುವುದು ಹೇಗೆ? ಚಕ್ರಕ್ಕೆ ಗಾಳಿ ಎಷ್ಟಿರಬೇಕು? ಮಳೆ ಬಂದರೆ ಹೊದಿಕೆಯನ್ನು ನಿಂತೇ ಮುಚ್ಚಬೇಕೋ, ಹೋಗುತ್ತಿರುವಾಗಲೂ ಮುಚ್ಚಬಹುದೋ?

ಫಿಯೋನಾ


ಕೇಪ್‌ಟೌನ್ ದಾಟಿ
8 ಸೆಪ್ಟೆಂಬರ್ 2024

ನನ್ನ ಫಿಯೋನಾ,

ಮೊಂತಿ ಹಬ್ಬದ ಶುಭಾಶಯ. ಹೊಸ ತೆನೆ ಮನೆಗೆ ಬಂತಾ? ಇಲ್ಲಿ ಕೂತು ನಿಮ್ಮ ಪಾಯಸವನ್ನು ನೆನೆಸಿಕೊಂಡೆ.

ನೀನು ಕಾರಿನ ವಿಷಯ ಕೇಳಿದ್ದು ನೋಡಿ ಎಷ್ಟು ಖುಷಿಯಾಯಿತೆಂದು ಹೇಳಲಾರೆ. ಕೋಪ ಹೋಯಿತಲ್ಲ, ಅಷ್ಟು ಸಾಕು. ಹಂಪ್ ಬಂದರೆ ನೇರ ಹತ್ತಿಸಬಾರದು, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಬೇಕು. ಹೊದಿಕೆಯನ್ನು ನಿಂತೇ ಮುಚ್ಚಬೇಕು. ಗಾಳಿಯ ಲೆಕ್ಕ ಬಾಗಿಲಿನ ಒಳ ಅಂಚಿನಲ್ಲಿ ಬರೆದಿದೆ. ಜೋವಿನ್‌ಗೆ ಇದೆಲ್ಲ ಗೊತ್ತುಂಟು, ಆದರೂ ಒಮ್ಮೆ ಓದಿ ಹೇಳು.

ಅವನ ಹತ್ತಿರ ಮಾತಾಡಿದೆ. ಆ ಹಂಪ್‌ಗೆ ಬಿಳಿ ಬಣ್ಣ ಬಳಿದಿರಲಿಲ್ಲವಂತೆ, ಅವನದು ತಪ್ಪಲ್ಲ. ಕೀಲಿ ಕೊಟ್ಟುಬಿಡು.

ನಿನ್ನ
ಕಾರ್ಲ್


ಕೊಲಂಬೊ ಹತ್ತಿರ
7 ಅಕ್ಟೋಬರ್ 2024

ಫಿಯೋನಾ,

ನಾನು ಬರೆದು ಒಂದು ತಿಂಗಳಾಯಿತು, ನಿನ್ನದೊಂದು ಸಾಲಿಲ್ಲ. ಇವತ್ತು ಜೋವಿನ್ ಬರೆದಿದ್ದಾನೆ. ಮನೆಗೆ ಬೀಗ ಬಿದ್ದಿದೆ. ಶೆಡ್ಡಿನಲ್ಲಿ ಟಾರ್ಪಾಲು ಮಡಚಿಟ್ಟಿದೆ, ಕಾರು ಇಲ್ಲ. ಅಕ್ಕುವನ್ನು ಕೇಳಿದರೆ, ಟೀಚರೂ ಅವರ ಅತ್ತೆ ಜೆರ್ಟ್ರೂಡ್ ಬಾಯಿಯೂ ಗುರುವಾರ ಬೆಳಿಗ್ಗೆ ಹೋದರು, ಬೆಕ್ಕಿಗೆ ಅನ್ನ ಹಾಕಲು ಹೇಳಿದ್ದಾರೆ ಎಂದಳಂತೆ. ಎಲ್ಲಿಗೆಂದು ಅವಳಿಗೂ ಗೊತ್ತಿಲ್ಲವಂತೆ.

ಅಮ್ಮನಿಗೆ ಏನಾಯಿತು? ಆಸ್ಪತ್ರೆಗೆ ಹೋದದ್ದಾದರೆ ಆಟೊ ಇಲ್ಲವಾ, ಆಂಬುಲೆನ್ಸ್ ಇಲ್ಲವಾ? ಕಾರು ಓಡಿಸಿದವರು ಯಾರು? ನಾನು ಇಲ್ಲಿ ಸಮುದ್ರದ ನಡುವೆ ಏನೆಂದು ತಿಳಿಯಲಿ? ಕೂಡಲೇ ಬರೆ.


ನಾಗಪುರ
8 ಅಕ್ಟೋಬರ್ 2024

ಕಾರ್ಲ್,

ಅಮ್ಮ ಚೆನ್ನಾಗಿದ್ದಾರೆ. ಈಗ ಲಾಡ್ಜಿನ ಮಂಚದ ಮೇಲೆ ಕಾಲು ಚಾಚಿ ಕೂತು ಕಿತ್ತಳೆ ಸುಲಿಯುತ್ತಿದ್ದಾರೆ. ಕಾರು ಓಡಿಸಿದವಳು ನಾನು.

ನೀನು ಕ್ಲಚ್ ಗಟ್ಟಿ ಎಂದೆ, ಜೋವಿನ್ ನಕ್ಕ. ಕೀಲಿ ಸಿಕ್ಕಿದ ವಾರವೇ, ಶನಿವಾರ ಶಾಲೆ ಬಿಟ್ಟ ಮೇಲೆ ತೆಗೆದೆ. ಗೇಟಿನಲ್ಲೇ ನಾಲ್ಕು ಸಲ ನಿಂತಿತು. ಅಕ್ಕು ತನ್ನ ಮಲ್ಲಿಗೆ ಗಿಡಗಳ ನಡುವಿನಿಂದ ಎದ್ದು ನಿಂತು ನೋಡಿದಳು. ಐದನೆಯ ಸಲ ಹೊರಟಿತು. ಅಂದಿನಿಂದ ಪ್ರತಿ ಶನಿವಾರ ಮಟ್ಟುವಿನ ಕಡಲ ದಾರಿಯಲ್ಲಿ ಹೋಗಿ ಬರುತ್ತಿದ್ದೆ. ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ, ನಡುವೆ ಹಗ್ಗದಂಥ ರಸ್ತೆ. ಎದುರಿನಿಂದ ಮೀನಿನ ಟೆಂಪೊ ಬಂದರೆ ಉಸಿರು ಹಿಡಿಯಬೇಕು. ನನಗೆ ಅದು ಎಷ್ಟು ಹಿಡಿಸಿತು ಎಂದು ನಿನಗೆ ಬರೆಯಬಹುದಿತ್ತು. ಬರೆಯುವ ಮನಸ್ಸಾಗಲಿಲ್ಲ.

ಮೊಂತಿ ಹಬ್ಬದ ದಿನ ಊಟವಾದ ಮೇಲೆ ನಿನ್ನ ಪ್ಲಾನನ್ನು ಅಮ್ಮನಿಗೆ ಓದಿ ಹೇಳಿದೆ. ಸಿಟ್ಟಿನಿಂದಲೇ ಓದಿದೆ. ನಿಮ್ಮ ಮಗ ಹೇಗೆ ನೋಡಿ ಎಂದು ತೋರಿಸುವುದು ನನ್ನ ಉದ್ದೇಶವಾಗಿತ್ತು. ನಿಜ ಹೇಳಬೇಕೆಂದರೆ ಅಮ್ಮನ ಮೇಲೂ ಸಿಟ್ಟಿತ್ತು. ನನ್ನ ಕಾಲಿಗೆ ಕಟ್ಟಿದ ಕಲ್ಲು ಇವರೇ ಅಲ್ಲವೇ ಎಂದುಕೊಂಡಿದ್ದೆ. ರಾಯಪುರ ಎನ್ನುವಾಗ ಅವರು ನನ್ನನ್ನು ತಡೆದರು. ಭಿಲಾಯಿ ಅಲ್ಲಿಯೇ ಅಲ್ವಾ ಎಂದು ಕೇಳಿದರು. ಅದೇ ದಾರಿಯಲ್ಲಿ, ರಾಯಪುರಕ್ಕಿಂತ ಸ್ವಲ್ಪ ಮೊದಲು ಸಿಗುತ್ತದೆ ಎಂದೆ.

ನಿನ್ನ ಪಪ್ಪ ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಊರಿನ ಮೇಲೆಯೇ ನಿಲ್ಲದೆ ಹೋಗುವ ಪ್ಲಾನು ಹಾಕಿದ್ದೀಯಲ್ಲ ಕಾರ್ಲ್, ನಿನಗೆ ಅದು ನೆನಪಾಗಲೇ ಇಲ್ಲವೇ? ಅಮ್ಮನಿಗೆ ನೆನಪಿತ್ತು. ಇಪ್ಪತ್ತೆರಡು ವರ್ಷ ಇನ್‌ಲ್ಯಾಂಡ್ ಪತ್ರದ ಮೇಲೆ ಆ ವಿಳಾಸ ಬರೆದವರು ಅವರು. ಅಷ್ಟೂ ವರ್ಷ ಪಪ್ಪನ ತಾಯಿಯನ್ನು ನೋಡಿಕೊಂಡು, ಗದ್ದೆ ಮಾಡಿಸಿಕೊಂಡು ಇನ್ನಂಜೆಯಲ್ಲೇ ಇದ್ದವರು. ಒಮ್ಮೆಯೂ ಆ ಊರು ನೋಡಲಿಲ್ಲ.

ಆಮೇಲೆ ಅಮ್ಮ ಹೇಳಿದರು: "ಎರಡು ಸೀಟು ಉಂಟಲ್ಲ. ನಿನಗೆ ಓಡಿಸಲಿಕ್ಕೆ ಬರುತ್ತದೆ. ನನಗೆ ಕೂತುಕೊಳ್ಳಲಿಕ್ಕೆ ಬರುತ್ತದೆ."

ದಸರಾ ರಜೆ ಶುರುವಾದ ದಿನ ಹೊರಟೆವು. ಕೂತುಕೊಳ್ಳುವುದೇನೋ ಸುಲಭ, ಏಳುವುದು ಕಷ್ಟ. ನಾನು ಎದುರು ನಿಂತು ಎರಡೂ ಕೈ ಹಿಡಿದು ಎಳೆಯಬೇಕು. ಸೊಲ್ಲಾಪುರದ ಪೆಟ್ರೋಲ್ ಬಂಕಿನಲ್ಲಿ ಇಬ್ಬರು ಹೆಂಗಸರು ಬಂದು ಕೈಜೋಡಿಸಿದರು. ಎಲ್ಲಿ ನಿಂತರೂ ಜನ ಸುತ್ತ ಸೇರುತ್ತಾರೆ, ಗಾಡಿಯ ಯಜಮಾನ ಎಲ್ಲಿ ಎಂದು ಕೇಳುತ್ತಾರೆ. ಸ್ಟಿಯರಿಂಗ್ ಹಿಂದೆ ನಾನು ಕೂತಿದ್ದರೂ ನನ್ನ ಬೆನ್ನ ಹಿಂದೆ ಗಂಡಸನ್ನು ಹುಡುಕುತ್ತಾರೆ. ಮೊದಮೊದಲು ಉತ್ತರ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ನಾಡಿದ್ದು ಬೆಳಿಗ್ಗೆ ಮುಂದೆ ಹೋಗುತ್ತೇವೆ.

ಫಿಯೋನಾ


ಕೊಲಂಬೊ ಬಂದರು
9 ಅಕ್ಟೋಬರ್ 2024

ಫಿಯೋನಾ, ನಾಗಪುರದಿಂದ ಮುಂದೆ ಒಂದು ಕಿಲೋಮೀಟರ್ ಕೂಡ ಹೋಗಬೇಡ. ಜೋವಿನ್ ವಿಮಾನದಲ್ಲಿ ಬಂದು ಕಾರು ತೆಗೆದುಕೊಂಡು ಹೋಗುತ್ತಾನೆ. ನೀನೂ ಅಮ್ಮನೂ ವಿಮಾನದಲ್ಲೇ ಮನೆಗೆ ಹೋಗಿ. ಅಮ್ಮನಿಗೆ ಎಪ್ಪತ್ತಮೂರು ವರ್ಷ. ದಾರಿಯಲ್ಲಿ ಏನಾದರೂ ಆದರೆ ನಾನು ಊರಿನವರಿಗೆ ಯಾವ ಮುಖ ತೋರಿಸಲಿ?

ಭಿಲಾಯಿಯಲ್ಲಿ ನೋಡಲಿಕ್ಕೆ ಎಂತ ಉಂಟು? ಅದು ಹೆಂಗಸರಿಗೆ ಆಗುವ ಊರಲ್ಲ ಎಂದು ಪಪ್ಪನೇ ಎಷ್ಟೋ ಸಲ ಹೇಳಿದ್ದಾರೆ. ಬೆಂಕಿಯಂಥ ಸೆಕೆ, ಮನೆ ಇಲ್ಲ, ನೀರಿಲ್ಲ. ಕಾರ್ಖಾನೆಯ ಬೂದಿ ನೋಡಲು ಅಮ್ಮನನ್ನು ಅಷ್ಟು ದೂರ ಒಯ್ಯುತ್ತೀಯಾ?

ಮತ್ತೆ ಅದು ನನ್ನ ಕಾರು. ನನ್ನನ್ನು ಒಂದು ಮಾತು ಕೇಳಬೇಕಿತ್ತು.

ಕಾರ್ಲ್


ಭಿಲಾಯಿ
12 ಅಕ್ಟೋಬರ್ 2024

ಕಾರ್ಲ್,

ಕೇಳಬೇಕಿತ್ತು ಎಂದೆಯಲ್ಲ, ನೀನು ನನ್ನನ್ನು ಏನು ಕೇಳಿದ್ದೆ? ಕಾರು ತೆಗೆದುಕೊಳ್ಳುವಾಗ ಕೇಳಿದೆಯಾ, ಜೊತೆಗೆ ಜೋವಿನ್‌ನನ್ನು ಕರೆಯುವಾಗ ಕೇಳಿದೆಯಾ? ಇಡೀ ತಿಂಗಳು ಮನೆಯಲ್ಲಿ ಇರುತ್ತೀಯಾ ಎಂದಾದರೂ ಕೇಳಿದೆಯಾ? ಊರಿನವರಿಗೆ ತೋರಿಸುವ ಮುಖದ ಚಿಂತೆ ನಿನಗೆ. ಒಂದು ತಿಂಗಳಾದ ಮೇಲೆ ಕೊಹಿಮಾದಿಂದ ಬಂದು ನನಗೆ ಯಾವ ಮುಖ ತೋರಿಸುತ್ತಿದ್ದೆ?

ಆದರೆ ಇವತ್ತು ನನ್ನ ಸಿಟ್ಟನ್ನು ಬರೆಯಲು ಕೂತದ್ದಲ್ಲ. ನಿನ್ನೆ ಆದದ್ದನ್ನು ಹೇಳಬೇಕು.

ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ಅಮ್ಮನಿಗೆ ಬಾಯಿಪಾಠ ಬರುತ್ತದೆ, ಸೆಕ್ಟರು, ಬೀದಿ, ಕ್ವಾರ್ಟರ್ಸಿನ ನಂಬರು. ದಾರಿಯುದ್ದಕ್ಕೂ ದೊಡ್ಡ ದೊಡ್ಡ ಮರ, ತಂಪಾದ ಅಗಲ ರಸ್ತೆ. ಅಮ್ಮ ಎರಡು ಸಲ ಕೇಳಿದರು, ನಾವು ಬೇರೆ ಊರಿಗೆ ಬರಲಿಲ್ಲ ಅಲ್ವಾ ಎಂದು. ಸಾಲಾಗಿ ಸಣ್ಣ ಸಣ್ಣ ಮನೆಗಳು. ಮನೆಯೆದುರು ದಾಸವಾಳ, ಪೇರಳೆ. ಒಬ್ಬ ಹೆಂಗಸು ಹುಡುಗಿಗೆ ಜಡೆ ಹಾಕುತ್ತಿದ್ದಳು. ಒಬ್ಬಳು ಹಗ್ಗದ ಮಂಚದ ಮೇಲೆ ಹಪ್ಪಳ ಒಣಗಿಸುತ್ತಿದ್ದಳು.

ಪಪ್ಪ ಇದ್ದ ಮನೆಯಲ್ಲಿ ಈಗ ಒಬ್ಬ ಒಡಿಯಾ ಹೆಂಗಸು ಇದ್ದಾಳೆ. ನನ್ನ ಹರಕು ಹಿಂದಿಯಲ್ಲಿ ವಿಷಯ ಹೇಳಿದೆ. ಒಳಗೆ ಕರೆದು ಕೂರಿಸಿ ಚಹಾ ಕೊಟ್ಟಳು. ಎರಡು ಕೋಣೆ, ಅಡುಗೆಮನೆ, ಹಿಂದೆ ಅಂಗಳ. ಮದುವೆಯಾದವರಿಗೆಂದೇ ಕೊಡುತ್ತಿದ್ದ ಮನೆಗಳಂತೆ, ಅವಳ ಅತ್ತೆ ಐವತ್ತು ವರ್ಷದ ಹಿಂದೆಯೇ ಮದುಮಗಳಾಗಿ ಇದೇ ಬೀದಿಗೆ ಬಂದವರಂತೆ. ಆಗ ಎದುರಿನ ಮನೆಯಲ್ಲಿ ಕೇರಳದವರು, ಪಕ್ಕದಲ್ಲಿ ಆಂಧ್ರದವರು, ಎಲ್ಲರ ಹೆಂಡತಿ ಮಕ್ಕಳೂ ಇಲ್ಲೇ ಇದ್ದರಂತೆ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಲೋಟ ತೊಳೆದಳು. ಅಮ್ಮ ಆ ನೀರನ್ನೇ ನೋಡುತ್ತಿದ್ದರು.

ಈ ನಲ್ಲಿ ಯಾವಾಗ ಬಂದದ್ದು ಎಂದು ಕೇಳು ಎಂದರು. ಕೇಳಿದೆ. ಮನೆ ಕಟ್ಟಿದಾಗಿನಿಂದ ಇದೆ ಎಂದಳು.

ಅಮ್ಮ ಚಹಾ ಮುಗಿಸಿ, ಅವಳ ಕೈ ಹಿಡಿದು ನಮಸ್ಕಾರ ಹೇಳಿ ಹೊರಗೆ ಬಂದರು. ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕೂತರು. ಬಿಸಿಲು, ಕಾರಿಗೆ ಹೋಗೋಣ ಎಂದೆ. ಅವರು ಏಳಲಿಲ್ಲ.

"ನಲ್ಲಿಯಲ್ಲಿ ನೀರು ಬರುತ್ತಿತ್ತು, ಫಿಯೋನಾ," ಎಂದರು. "ನಾನು ಊರಿನಲ್ಲಿ ಬಾವಿಯಿಂದ ಸೇದುತ್ತಿದ್ದೆ."

ನಾನು ಅವರ ಪಕ್ಕ ಕೂತೆ. ಇಷ್ಟು ವರ್ಷದಲ್ಲಿ ನಿನ್ನ ಅಮ್ಮನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಮುಖ ಕೆಂಪಾಗಿತ್ತು, ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದರು. ಅತ್ತೆಯನ್ನೂ ಕರೆತರಬಹುದಿತ್ತು, ಹಿಂದಿನ ಕೋಣೆಯಲ್ಲಿ ಜಾಗ ಇತ್ತು ಎಂದರು. ಕಾರ್ಲನಿಗೆ ಅಪ್ಪನ ಕೈ ಹಿಡಿದು ಶಾಲೆಗೆ ಹೋಗಬಹುದಿತ್ತು ಎಂದರು. ಹೀಗೆ ಒಂದೊಂದೇ ಹೇಳುತ್ತಾ ಹೋದರು. ಹಪ್ಪಳ ಒಣಗಿಸುತ್ತಿದ್ದವಳು ಎದ್ದು ಬಂದು ನಮಗೆ ಕುಡಿಯಲು ನೀರು ಕೊಟ್ಟಳು.

ಸಂಜೆ ಲಾಡ್ಜಿನಲ್ಲಿ ಜಪಮಾಲೆ ಹೇಳಿದೆವು. ಕೊನೆಯಲ್ಲಿ ಪಪ್ಪನ ಆತ್ಮಕ್ಕೆಂದು ಹೇಳುವ ಪ್ರಾರ್ಥನೆಗೆ ನಾನು ಬಾಯಿ ತೆರೆದಾಗ ಅವರು ಮಣಿ ಮಡಚಿ ಚೀಲಕ್ಕೆ ಹಾಕಿದರು. ಇವತ್ತು ಬೇಡ ಎಂದರು.

ಅಮ್ಮನನ್ನು ಬೂದಿ ನೋಡಲು ಕರೆತಂದೆಯಾ ಎಂದು ಕೇಳಿದ್ದೀ. ಇಲ್ಲಿ ಬೂದಿ ಇಲ್ಲ. ಪೇರಳೆ ಗಿಡ ಇದೆ.

ಫಿಯೋನಾ


ಕೊಚ್ಚಿಗೆ ಹೋಗುವ ದಾರಿಯಲ್ಲಿ
15 ಅಕ್ಟೋಬರ್ 2024

ಫಿಯೋನಾ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ಎರಡು ಸಲ ಬರೆದು ಅಳಿಸಿದೆ.

ಪಪ್ಪ ಯಾಕೆ ಹಾಗೆ ಮಾಡಿದರು ನನಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದರು, ಜಗಲಿಯಲ್ಲಿ ಸ್ನೇಹಿತರ ಜೊತೆ ಇಸ್ಪೀಟು ಆಡುತ್ತಿದ್ದರು, ಅಮ್ಮ ಒಳಗಿರುತ್ತಿದ್ದರು. ಅವರಿಬ್ಬರೇ ಕೂತು ಮಾತಾಡಿದ್ದು ನನಗೆ ನೆನಪಿಲ್ಲ. ಎಲ್ಲರ ಮನೆಯಲ್ಲೂ ಹಾಗೆ ಎಂದು ತಿಳಿದಿದ್ದೆ. ಅವರ ಬಗ್ಗೆ ಇಷ್ಟೇ ಹೇಳಬಲ್ಲೆ. ನಾನು ಯಾಕೆ ಮಾಡಿದೆ ಎಂಬುದನ್ನು ಹೇಳುತ್ತೇನೆ.

ನಿನಗೆ ಪ್ರಯಾಣ ಆಗುವುದಿಲ್ಲ ಎಂದು ಬರೆದದ್ದು ಸುಳ್ಳು. ಗಂಡಸರ ದಾರಿ ಎಂದದ್ದೂ ಸುಳ್ಳು. ಮೊದಲು ನಿನ್ನ ಹೆಸರನ್ನೇ ಯೋಚಿಸಿದ್ದೆ. ಆಮೇಲೆ ಹೆದರಿಕೆಯಾಯಿತು. ಒಂದು ತಿಂಗಳು, ಬೆಳಗ್ಗಿನಿಂದ ಸಂಜೆಯವರೆಗೆ, ನಿನ್ನ ಪಕ್ಕದಲ್ಲಿ. ಏನು ಮಾತಾಡಲಿ? ನಾನು ಊರಿಗೆ ಬಂದಾಗಲೆಲ್ಲ ಮನೆ ತುಂಬ ಜನ, ಮದುವೆ, ಮಾಡಿನ ಹಂಚಿನ ರಿಪೇರಿ, ಬ್ಯಾಂಕು. ನಾವಿಬ್ಬರೇ ಇರುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ಮಕ್ಕಳಾಗಿದ್ದರೆ ಅವರ ಮಾತಾದರೂ ಇರುತ್ತಿತ್ತು. ಹುಬ್ಬಳ್ಳಿ ಮುಟ್ಟುವುದರೊಳಗೆ ಮಾತು ಮುಗಿದು, ನೀನು ಕಿಟಕಿಯ ಹೊರಗೆ ನೋಡುತ್ತಾ, ಇವನ ಜೊತೆ ಹದಿನಾರು ವರ್ಷ ಕಳೆದೆನಾ ಎಂದು ನಿನಗೆ ಅನ್ನಿಸಿಬಿಟ್ಟರೆ? ಜೋವಿನ್ ಜೊತೆ ಆ ತೊಂದರೆ ಇಲ್ಲ. ಅವನಿಗೆ ನಾನು ಮಾತಾಡಿದರೂ ಒಂದೇ, ಬಿಟ್ಟರೂ ಒಂದೇ.

ಈ ವಯಸ್ಸಿನಲ್ಲಿ ಹೆಂಡತಿಗೆ ಬರೆಯುವ ಮಾತಲ್ಲ ಇದು. ಕಾರಿನ ವಿಷಯ ಬಿಡು. ಅಮ್ಮನಿಗೆ ನಾನು ಏನು ಹೇಳಲಿ?

ಕಾರ್ಲ್


ಹುಬ್ಬಳ್ಳಿ
18 ಅಕ್ಟೋಬರ್ 2024

ಕಾರ್ಲ್,

ಸೋಮವಾರ ಶಾಲೆ ಶುರುವಾಗುತ್ತದೆ, ವಾಪಸು ಬರುತ್ತಿದ್ದೇವೆ. ಸೊಲ್ಲಾಪುರದಿಂದ ಇಲ್ಲಿಯವರೆಗೂ ಮಳೆ. ಹೊದಿಕೆ ಅಮ್ಮನ ಕಡೆಯಲ್ಲಿ ಸೋರುತ್ತಿತ್ತು, ಅವರು ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದರು.

ಮೊದಲು ನನ್ನ ಮಾತು. ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಹೆದರಿಕೆ ನಿನ್ನದು, ಅದನ್ನು ತೀರಿಸಿದ್ದು ನನ್ನ ಲೆಕ್ಕದಲ್ಲಿ. ಹೆಂಡತಿಯ ಜೊತೆ ಮಾತು ಬಾರದು ಎಂದು ಬೇರೊಬ್ಬನನ್ನು ಕೂರಿಸಿಕೊಂಡು, ಅವಳಿಗೆ ಬೆಕ್ಕು ಕಾಯಲು ಹೇಳುವುದು ಎಂಥ ನ್ಯಾಯ? ಜುಲೈಯಲ್ಲೇ ಇದನ್ನು ಬರೆದಿದ್ದರೆ ನನಗೂ ಹಾಗೇ ಅನ್ನಿಸುತ್ತದೆ ಎಂದು ನಾನು ಬರೆಯುತ್ತಿದ್ದೆ. ನೀನು ಬರುವ ದಿನ ಹತ್ತಿರವಾದಾಗ ನಾನೂ ಮಾತು ಹುಡುಕಿಕೊಳ್ಳುತ್ತೇನೆ. ನಿನಗೆ ಗೊತ್ತಿಲ್ಲ.

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಓದಿದೆ, ನನಗೆ ನಾಚಿಕೆಯಾಗುವ ಕಡೆಯೂ ನಿಲ್ಲಿಸಲಿಲ್ಲ. ಪಪ್ಪ ಇಸ್ಪೀಟು ಆಡುತ್ತಿದ್ದರು ಎಂಬಲ್ಲಿ ತಲೆ ಆಡಿಸಿದರು. ನಿನಗೆ ಏನು ಬರೆಯಲಿ ಎಂದು ಕೇಳಿದೆ. ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ:

"ಮಾತು ಬರದಿದ್ದರೆ ಬೇಡ. ಕರೆದುಕೊಂಡು ಹೋಗಿ ಸುಮ್ಮನೆ ಕೂತಿದ್ದರೂ ನನಗೆ ಆಗುತ್ತಿತ್ತು."

ಅವರು ಪಪ್ಪನ ಬಗ್ಗೆ ಹೇಳಿದರೋ ನಿನ್ನ ಬಗ್ಗೆಯೋ ನಾನು ಕೇಳಲಿಲ್ಲ. ಪ್ರಾರ್ಥನೆಯಲ್ಲಿ ಪಪ್ಪನ ಹೆಸರು ಇನ್ನೂ ಬಂದಿಲ್ಲ. ಬರುವಾಗ ಬರಲಿ, ನಾನು ನೆನಪಿಸುವುದಿಲ್ಲ.

ಡಿಸೆಂಬರಿನಲ್ಲಿ ನೀನು ಬಂದ ಮೇಲೆ ಕೊಹಿಮಾದ ಮಾತು ಎತ್ತಬೇಡ. ಒಂದು ಮಧ್ಯಾಹ್ನ ಕಾರ್ಕಳಕ್ಕೆ ಹೋಗಿ ಬರೋಣ. ಬೆಳ್ಮಣ್ ದಾರಿಯಾಗಿ ಹೋದರೆ ಒಂದು ಗಂಟೆ ಹಿಡಿಯುತ್ತದೆ. ನಾನು ಓಡಿಸುತ್ತೇನೆ, ನೀನು ಪಕ್ಕದಲ್ಲಿ ಕೂತಿರು. ಅಷ್ಟು ದೂರಕ್ಕೆ ಮಾತು ಸಾಕಾಗುತ್ತದೋ ನೋಡೋಣ.

ಫಿಯೋನಾ